ಬಿಚ್ಚಿದರೂ ಸವೆಯದ ನೂಲು

ಮಗ್ಗದಿಂದ ಇಳಿದ ರೇಷ್ಮೆ ಸೀರೆ ಆ ಕ್ಷಣಕ್ಕೇ ಉಡಲು ಸಿದ್ಧವಾಗಿರುವುದಿಲ್ಲ. ಸೆರಗಿನ ಕೊನೆಯಲ್ಲಿ ಹಾಸಿನ ಎಳೆಗಳು ಹಿಡಿತವಿಲ್ಲದೆ ಜೋಲಾಡುತ್ತಿರುತ್ತವೆ. ಹಾಗೇ ಬಿಟ್ಟರೆ ಹೊಕ್ಕಿನ ಎಳೆಗಳು ಒಂದೊಂದಾಗಿ ಜಾರಿ, ನೇಕಾರ ದಿನಗಟ್ಟಲೆ ಕೂತು ನೇಯ್ದದ್ದು ತುದಿಯಿಂದ ಹರಿಯತೊಡಗುತ್ತದೆ. ಅದನ್ನು ತಡೆಯುವುದು ಕುಚ್ಚು. ನೋಡುವವರ ಕಣ್ಣಿಗೆ ಅದು ಅಲಂಕಾರ. ಸೀರೆಯ ಪಾಲಿಗೆ ಅದು ಕಾವಲು.

ಹಿಂದೆ ಆ ಎಳೆಗಳನ್ನೇ ಹಿಡಿಹಿಡಿಯಾಗಿ ಸೇರಿಸಿ ಕೈಯಲ್ಲೇ ಕುಚ್ಚು ಕಟ್ಟುತ್ತಿದ್ದರು. ಈಗ ಬಹಳ ಕಡೆ ಸೆರಗಿನ ಅಂಚನ್ನು ಮಡಿಚಿ ಹೊಲಿದು, ಅದಕ್ಕೆ ಬಣ್ಣದ ರೇಷ್ಮೆ ದಾರದಲ್ಲಿ ಮಣಿ ಪೋಣಿಸುತ್ತ ಕ್ರೋಶಾ ಹಾಕುತ್ತಾರೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಿಂದಲೂ ರೇಷ್ಮೆಗೆ ಹೆಸರಾದ ಊರು ಕೊಳ್ಳೇಗಾಲ. ಹಿಪ್ಪುನೇರಳೆ ಸೊಪ್ಪು, ಹುಳು, ಗೂಡು, ಹುರಿ, ಮಗ್ಗ ಎಲ್ಲವೂ ಕೂಗಳತೆಯಲ್ಲಿದ್ದ ಇಂಥ ಊರಿನಲ್ಲಿ, ತುದಿ ಬಾಗಿದ ಆ ಪುಟ್ಟ ಕಡ್ಡಿಗೂ ಒಂದು ಜಾಗ ಸಿಕ್ಕಿದ್ದು ಸಹಜವೇ. ಆದರೆ ಅದೇ ಕಡ್ಡಿ ಒಂದು ಮನೆಯಲ್ಲಿ ಕೆಲವು ವಾರಗಳ ಕಾಲ ತಾಯಿ, ಮಗಳು, ಅಜ್ಜಿ ಮೂವರ ನಡುವೆ ವ್ಯಾಜ್ಯಕ್ಕೆ ಕಾರಣವಾಯಿತು.

ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದಳು. ಫಲಿತಾಂಶ ಬಂದಾಗ ಐದು ವಿಷಯಗಳಲ್ಲಿ ಪಾಸು, ಗಣಿತದಲ್ಲಿ ಫೇಲು. ಮರುಪರೀಕ್ಷೆಗೆ ಕೆಲವೇ ವಾರ ಉಳಿದಿತ್ತು. ಬೆಳಿಗ್ಗೆ ಪುಸ್ತಕ ಹಿಡಿದು ಕೂರುವುದು, ಲೆಕ್ಕ ತಪ್ಪಿದೊಡನೆ ಹಾಳೆ ಹರಿದು ಉಂಡೆ ಮಾಡಿ ಎಸೆಯುವುದು, ಆಮೇಲೆ ಗೋಡೆಗೆ ಒರಗಿ ಸುಮ್ಮನಾಗುವುದು. ಇದು ಅವಳ ದಿನಚರಿಯಾಯಿತು. ತಂದೆ ಮಗ್ಗದ ಗುಂಡಿಯಿಂದ ತಲೆ ಎತ್ತದೆಯೇ, ‘ಓದು ಅಂದ್ರೆ ಎಲ್ರಿಗೂ ಒಲಿಯದಾ?’ ಎಂದರು. ಬೈಗುಳವಲ್ಲ, ಸಮಾಧಾನದ ಮಾತೇ ಅದು. ಆದರೆ ಸಮಾಧಾನದ ಮಾತುಗಳೇ ಕೆಲವು ಸಲ ಮಕ್ಕಳ ಬಾಗಿಲು ಮುಚ್ಚುತ್ತವೆ.

ಅಜ್ಜಿ ಹನೂರು ಕಡೆಯವಳು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬಿಡುಗಡೆಯಾಗಿ ಮೈಸೂರು ರಾಜ್ಯಕ್ಕೆ ಸೇರಿದ 1956ರ ಆಸುಪಾಸಿನಲ್ಲಿ ಹುಟ್ಟಿದವಳು. ಆಗ ಹನೂರು ಇದೇ ತಾಲ್ಲೂಕಿನ ಹೋಬಳಿ; ಈಗ ಅದೇ ಒಂದು ತಾಲ್ಲೂಕು. ಆ ಸೀಮೆಯ ಕಾನ್ವೆಂಟೊಂದರಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿಂದ ಚಿಕ್ಕಂದಿನಲ್ಲಿ ಅವಳು ಕ್ರೋಶಾ ಕಲಿತಿದ್ದಳು. ಕ್ರೋಶಾ ಎಂಬುದು ಫ್ರೆಂಚ್ ಮಾತು. ಪುಟ್ಟ ಕೊಕ್ಕೆ ಎಂದು ಅದರ ಅರ್ಥ. ಈ ವಿದ್ಯೆ ಭಾರತದ ಹಳ್ಳಿಗಳಿಗೆ ಇಳಿದದ್ದು ಬಹುಮಟ್ಟಿಗೆ ಇಂಥ ಹೊಲಿಗೆ ತರಗತಿಗಳಿಂದಲೇ. ರೇಡಿಯೋಗೆ ಹೊದಿಕೆ, ಬಾಗಿಲಿಗೆ ತೋರಣ, ಟೀವಿ ಬಂದ ಮೇಲೆ ಟೀವಿಗೂ ಒಂದು ಮುಸುಕು ಎಂದು ಅಜ್ಜಿ ತನ್ನ ಕಾಲದಲ್ಲಿ ಹಾಕಿದ್ದಕ್ಕೆ ಲೆಕ್ಕವಿಲ್ಲ.

ಮೊಮ್ಮಗಳು ಗೋಡೆ ನೋಡುತ್ತ ಕೂರುವುದನ್ನು ನೋಡಲಾರದೆ ಒಂದು ಮಧ್ಯಾಹ್ನ ಅಜ್ಜಿ ಟ್ರಂಕಿನಿಂದ ಕಡ್ಡಿ ತೆಗೆದಳು. ದಪ್ಪನೆಯ ತಿಳಿ ಹಳದಿ ಉಲ್ಲನ್ ಉಂಡೆಯೊಂದನ್ನು ಪೇಟೆಯಿಂದ ತರಿಸಿದಳು. ಉಲ್ಲನ್ ಎಂಬುದು ಬಾಯಿಮಾತಿಗೆ. ಪೇಟೆಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಅಕ್ರಿಲಿಕ್ ದಾರ. ಕಲಿಯುವವರಿಗೆ ಅದೇ ಒಳ್ಳೆಯದು. ದಾರ ದಪ್ಪವಿದ್ದರೆ ಕುಣಿಕೆ ಕಾಣುತ್ತದೆ, ತಿಳಿಬಣ್ಣವಿದ್ದರೆ ತಪ್ಪು ಕಾಣುತ್ತದೆ.

ತಾಯಿ ಒಳಗಿನಿಂದ ಬಂದು ನೋಡಿದವಳೇ, ‘ಅವಳ ಕೈಗೆ ನೂಲು ಕೊಡಬೇಡಿ ಅತ್ತೆ’ ಎಂದಳು.

ಅದು ಸಿಡುಕಲ್ಲ, ಭಯ. ಅವಳ ಐದನೇ ಇಯತ್ತೆ ಅರ್ಧಕ್ಕೆ ನಿಂತದ್ದು ನೂಲಿನಿಂದಲೇ. ಹುರಿ ಮಿಷನ್ನಿನ ಮುಂದೆ ನಿಂತು, ತಿರುಗುವ ಕಂಡಿಕೆಗಳ ಸಾಲಿನಲ್ಲಿ ಯಾವ ಎಳೆ ಕಡಿಯಿತು ಎಂದು ಹುಡುಕಿ ಗಂಟು ಹಾಕುವ ಕೆಲಸಕ್ಕೆ ಅವಳನ್ನು ಹಚ್ಚಿದ್ದರು. ಸಣ್ಣ ಬೆರಳಿಗೆ ಸಣ್ಣ ಗಂಟು ಬೇಗ ಬೀಳುತ್ತದೆ ಎಂಬುದೇ ಅದಕ್ಕಿದ್ದ ಕಾರಣ. ಬಾಲಕಾರ್ಮಿಕ ಕಾಯ್ದೆ 1986ರಲ್ಲೇ ಬಂದಿತ್ತು, ನಿಜ. ಆದರೆ ಅದು ನಿಷೇಧಿಸಿದ್ದು ಪಟ್ಟಿಯಲ್ಲಿದ್ದ ಕೆಲವು ಕೆಲಸಗಳನ್ನು ಮಾತ್ರ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾದದ್ದು 2009ರ ಕಾಯ್ದೆಯಿಂದ. 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಾದದ್ದು 2016ರ ತಿದ್ದುಪಡಿಯಿಂದ. ಆಗಲೂ, ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸಕ್ಕೆ, ಮನೆಯ ಕಸುಬಿಗೆ ಮಕ್ಕಳು ನೆರವಾಗಬಹುದು ಎಂದು ಕಾನೂನು ಒಂದು ಕಿಂಡಿ ಬಿಟ್ಟಿತು. ಆ ಕಿಂಡಿ ಎಷ್ಟು ಅಗಲವಾಗಬಲ್ಲದು ಎಂಬುದನ್ನು ತಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಬೇಜಾರು ಕಳೆಯಲು ಎಂದು ಕೈಗೆ ಬಂದ ನೂಲು ಆಮೇಲೆ ನಾಲ್ಕು ಕಾಸು ತರುತ್ತದೆ, ಕಾಸು ಬಂದ ಮೇಲೆ ಪುಸ್ತಕ ಅಟ್ಟ ಸೇರುತ್ತದೆ. ಅವಳು ಕಂಡದ್ದು ಅದನ್ನೇ.

ಅಜ್ಜಿ ವಾದ ಮಾಡಲಿಲ್ಲ. ‘ಇದು ಕೂಲಿ ನೂಲಲ್ಲ ಕನವ್ವ, ಆಟದ್ದು’ ಎಂದಷ್ಟೇ ಹೇಳಿದಳು.

ಮೊದಲ ಪಾಠ ಜೀರುಗುಣಿಕೆ. ದಾರದ ತುದಿಯನ್ನು ಬೆರಳಿಗೆ ಸುತ್ತಿ, ಒಂದರೊಳಗೆ ಇನ್ನೊಂದನ್ನು ತೂರಿಸಿ ಎಳೆದರೆ ಕಡ್ಡಿಗೆ ಹಿಡಿಯುವಷ್ಟು ಬಿಗಿಯುವ, ತುದಿ ಎಳೆದರೆ ಮಾಯವಾಗುವ ಗಂಟು. ಎರಡನೆಯದು ಚೈನು. ಕುಣಿಕೆ ಕಡ್ಡಿಯ ಮೇಲಿದೆ. ದಾರವನ್ನು ಕಡ್ಡಿಗೆ ಒಮ್ಮೆ ಸುತ್ತಿ, ಕೊಕ್ಕೆಯಲ್ಲಿ ಹಿಡಿದು, ಆ ಕುಣಿಕೆಯೊಳಗಿಂದ ಎಳೆಯಬೇಕು. ಹಳೆಯ ಕುಣಿಕೆ ಕೆಳಗೆ ಜಾರುತ್ತದೆ, ಹೊಸದು ಕಡ್ಡಿಯ ಮೇಲೆ ಕೂರುತ್ತದೆ. ಒಂದು ಚೈನು ಆಯಿತು. ಇಷ್ಟೇ. ಕ್ರೋಶಾದಲ್ಲಿ ಎಷ್ಟೇ ದೊಡ್ಡ ಕೆಲಸವಾದರೂ ಅದರ ಮೂಲ ಈ ಎಳೆತವೇ.

ಇಷ್ಟೇ ಎಂದು ಹೇಳುವುದು ಸುಲಭ. ಹುಡುಗಿಯ ಮೊದಲ ಚೈನುಗಳು ಉಸಿರುಗಟ್ಟುವಷ್ಟು ಬಿಗಿಯಾಗಿದ್ದವು. ಎಲ್ಲಿ ಬಿಚ್ಚಿಹೋಗುವುದೋ ಎಂಬ ಭಯಕ್ಕೆ ಅವಳು ಪ್ರತಿ ಕುಣಿಕೆಯನ್ನೂ ಜಗ್ಗಿ ಬಿಗಿಯುತ್ತಿದ್ದಳು. ಮುಂದಿನ ಸಲ ಕಡ್ಡಿ ಅದರೊಳಗೆ ಹೋಗದು. ಹೊಸಬರೆಲ್ಲರೂ ಮಾಡುವುದು ಇದನ್ನೇ. ದಾರವನ್ನು ಹಿಡಿಯಬೇಕಾದದ್ದು ಕಡ್ಡಿ ಇರುವ ಕೈಯಲ್ಲ, ಇನ್ನೊಂದು ಕೈಯ ಬೆರಳು. ಕಿರುಬೆರಳಿಗೆ ಒಂದು ಸುತ್ತು, ತೋರುಬೆರಳ ಮೇಲಿಂದ ಹಾಯಿಸಿ, ಬೇಕಾದಷ್ಟೇ ಬಿಡುತ್ತ ಹೋಗಬೇಕು. ಇಪ್ಪತ್ತು ಚೈನು ಹಾಕುವಷ್ಟರಲ್ಲಿ ಅವಳ ಹಣೆಯಲ್ಲಿ ಬೆವರು. ಹಗ್ಗದಂತಿದ್ದ ಅದನ್ನು ನೋಡಿ ಅವಳು ಕಿತ್ತೆಸೆಯಲು ಕತ್ತರಿ ಹುಡುಕಿದಳು.

‘ಕತ್ರಿ ಯಾಕೆ? ಬಿಚ್ಚಾಕು ಕೂಸೇ. ನೂಲೇನು ಸವ್ದೋಯ್ತದಾ?’ ಎಂದು ಅಜ್ಜಿ ಕಡ್ಡಿ ಹೊರಗೆಳೆದು ದಾರದ ತುದಿ ಕೊಟ್ಟಳು.

ಎಳೆದರೆ ಸರಸರನೆ ಇಪ್ಪತ್ತೂ ಬಿಚ್ಚಿಹೋದವು. ಕೈಯಲ್ಲಿ ಉಳಿದದ್ದು ಮೊದಲಿದ್ದಷ್ಟೇ ನೂಲು, ಸ್ವಲ್ಪ ಸುರುಳಿಯಾಗಿತ್ತು ಅಷ್ಟೆ. ಹುಡುಗಿ ಅದನ್ನು ಇನ್ನೊಮ್ಮೆ ಹಾಕಿದಳು, ಇನ್ನೊಮ್ಮೆ ಎಳೆದಳು. ಹಾಕುವುದಕ್ಕಿಂತ ಬಿಚ್ಚುವುದೇ ಅವಳಿಗೆ ಹೆಚ್ಚು ಹಿಡಿಸಿತೆಂದು ತೋರುತ್ತದೆ.

ಇದು ಕ್ರೋಶಾದ ಗುಣ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿಡೀ ಕುಣಿಕೆಗಳು ಕಡ್ಡಿಯ ಮೇಲೆ ಜೀವಂತ ಕೂತಿರುತ್ತವೆ. ಒಂದು ಜಾರಿದರೆ ಏಣಿಯ ಮೆಟ್ಟಿಲಿನಂತೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳುತ್ತವೆ. ಮಗ್ಗದಲ್ಲಿ ಎಳೆ ಕಡಿದರೆ ಗಂಟೇ ಗತಿ. ಆ ಗಂಟು ಬಟ್ಟೆಯಲ್ಲಿ ಉಳಿಯುತ್ತದೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಕಡ್ಡಿಯ ಮೇಲೆ ಕಾಯುವುದು ಒಂದೇ ಕುಣಿಕೆ. ಕಾಯಬೇಕಾದದ್ದು ಅದೊಂದನ್ನೇ. ತಪ್ಪಾದ ಜಾಗದವರೆಗೆ ಬಿಚ್ಚಿ, ಅಲ್ಲಿಂದಲೇ ಮತ್ತೆ ಹೊರಡಬಹುದು.

ಆ ವಾರದ ಕೊನೆಗೆ ಯಳಂದೂರಿನ ಚಿಕ್ಕಮ್ಮನ ಮನೆಯಲ್ಲಿ ನಾಮಕರಣ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಊಟ ಮುಗಿಸಿ ಹೆಂಗಸರು ಮಾತಿಗೆ ಕೂತಾಗ ಹುಡುಗಿ ಅಜ್ಜಿಯ ಜೊತೆ ಗೌರೀಶ್ವರ ದೇಗುಲಕ್ಕೆ ಹೋದಳು. ಹದಿನಾಡಿನ ಪ್ರಭುಗಳ ಕಾಲದ ಈ ಗುಡಿಯ ಮುಂದಿನ ಬಳೆ ಮಂಟಪ ನಾಡಿಗೇ ಪ್ರಸಿದ್ಧ. ಮಂಟಪದ ಮೂಲೆಯಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ಕೋದುಕೊಂಡು ಸರಪಳಿಯಾಗಿವೆ. ಬೆಸುಗೆಯಿಲ್ಲ, ಜೋಡಣೆಯಿಲ್ಲ; ಇಡೀ ಕಲ್ಲಿನಲ್ಲಿ ಬಳೆಯನ್ನು ಬಿಟ್ಟು ಉಳಿದುದನ್ನೆಲ್ಲ ಕೆತ್ತಿ ತೆಗೆದದ್ದು. ಸಮಾಜ ವಿಜ್ಞಾನದ ಮೇಷ್ಟ್ರು ಒಮ್ಮೆ ಕರೆತಂದಾಗಲೂ ಹುಡುಗಿ ಅದನ್ನು ನೋಡಿದ್ದಳು. ಆಗ ಕಂಡದ್ದು ಕಲ್ಲು. ಈ ಸಲ ಕಂಡದ್ದು ಚೈನು.

‘ಇದ ಬಿಚ್ಚಕ್ಕಾಗಲ್ಲ ಅಲ್ವಾ ಅಜ್ಜಿ?’ ಎಂದಳು.

ಬಿಚ್ಚಲಾಗುವುದಿಲ್ಲ. ಉಳಿಯ ಒಂದು ಏಟು ಹೆಚ್ಚಾದರೆ ಬಳೆ ಸೀಳಿ, ಅಷ್ಟೂ ದಿನದ ಕೆಲಸ ನೆಲಕ್ಕೆ. ಹಾಗೆಂದು ಆ ಶಿಲ್ಪಿ ಉಳಿ ಹಿಡಿದ ದಿನವೇ ಮಂಟಪದ ಕಲ್ಲಿಗೆ ಕೈ ಹಾಕಿರಲಾರ. ಗುರುವಿನ ಎದುರು ಬೇಡದ ಕಲ್ಲುಗಳ ಮೇಲೆ ಎಷ್ಟು ಬಳೆ ಒಡೆದಿದ್ದನೋ, ಆ ಲೆಕ್ಕವನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ತಪ್ಪಲಾಗದ ಕೆಲಸಕ್ಕೆ ಹೋಗುವ ಮೊದಲು ತಪ್ಪಬಹುದಾದ ಕೆಲಸದಲ್ಲಿ ಕೈ ಪಳಗಬೇಕು. ಯಾವ ವಿದ್ಯೆಗೂ ಈ ಮಾತು ಸಲ್ಲುತ್ತದೆ.

ಊರಿಗೆ ಮರಳಿದ ಮೇಲೆ ಮುಂದಿನ ಪಾಠ. ಚೈನೊಳಗೆ ಕಡ್ಡಿ ತೂರಿಸಿ, ದಾರ ಸುತ್ತಿ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ಸುತ್ತಿ ಎರಡರೊಳಗಿಂದಲೂ ಎಳೆದರೆ ಮತ್ತೆ ಒಂದು. ಅಜ್ಜಿ ಇದನ್ನು ಡಬಲ್ ಕ್ರೋಶಾ ಎಂದಳು. ಹುಡುಗಿ ಮೊಬೈಲಿನಲ್ಲಿ ನೋಡಿದರೆ ಅದೇ ಹೊಲಿಗೆಗೆ ಸಿಂಗಲ್ ಕ್ರೋಶಾ ಎಂಬ ಹೆಸರು! ಒಂದು ದಿನವಿಡೀ ಇದೇ ಜಗಳ. ಇಬ್ಬರೂ ಹೇಳಿದ್ದು ಸರಿಯೇ. ಬ್ರಿಟಿಷ್ ಪದ್ಧತಿಯಲ್ಲಿ ಡಬಲ್ ಎನ್ನುವುದನ್ನು ಅಮೆರಿಕದವರು ಸಿಂಗಲ್ ಎನ್ನುತ್ತಾರೆ. ಅಜ್ಜಿಗೆ ಕಲಿಸಿದ ಸಿಸ್ಟರ್ ಬ್ರಿಟಿಷ್ ಪುಸ್ತಕದವರು, ಮೊಬೈಲು ಅಮೆರಿಕದ್ದು.

ಹೆಸರಿನ ಜಗಳ ಮುಗಿಯುವಷ್ಟರಲ್ಲಿ ಲೆಕ್ಕದ ತಕರಾರು ಶುರುವಾಯಿತು. ಇಪ್ಪತ್ತು ಹೊಲಿಗೆಯ ಸಾಲಿಗೆ 21 ಚೈನು ಹಾಕಬೇಕು. ತಿರುಗಲು ಒಂದು ಬೇಕು. ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಸಕೂಡದು. ಸಾಲು ಮುಗಿದಾಗ ಒಂದು ಚೈನು ಹಾಕಿ ತಿರುಗಿ, ಕೊನೆಯ ಹೊಲಿಗೆಯನ್ನು ಬಿಡದೆ ಹಾಕಿದರೆ ಎರಡನೇ ಸಾಲಿಗೂ ಇಪ್ಪತ್ತೇ ಬರುತ್ತದೆ. ಆದರೆ ಆ ಕೊನೆಯ ಹೊಲಿಗೆ ಅಂಚಿನಲ್ಲಿ ಅಡಗಿ ಕೂತಿರುತ್ತದೆ. ಹುಡುಗಿ ಪ್ರತಿ ಸಾಲಿನಲ್ಲೂ ಅದನ್ನೇ ಬಿಟ್ಟಳು. ಚೌಕವಾಗಬೇಕಾದ ತುಂಡು ಎಂಟನೇ ಸಾಲಿಗೆ ಬಾವುಟದಂತೆ ಮೊನಚಾಗತೊಡಗಿತ್ತು. ಎಣಿಸಿದರೆ 13. ಮೊದಲ ಸಾಲು ಇಪ್ಪತ್ತು, ಸಾಲಿಗೊಂದು ಕಡಿಮೆ, ಎಂಟನೆಯದು ಹದಿಮೂರು. ಪುಸ್ತಕದಲ್ಲಿ ಇದಕ್ಕೆ ಸಮಾಂತರ ಶ್ರೇಢಿ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅವಳು ಬಿಟ್ಟುಬಂದಿದ್ದ ಪ್ರಶ್ನೆಗಳಲ್ಲಿ ಅದೂ ಒಂದು.

ಈ ಸಲ ಅವಳು ಕತ್ತರಿ ಹುಡುಕಲಿಲ್ಲ. ಮೊದಲ ಸಾಲಿನವರೆಗೆ ಬಿಚ್ಚಿದಳು. ಮರುದಿನ ಹಟಕ್ಕೆ ಹೆಚ್ಚಿಸಿ ನೋಡಿದಳು. ಒಂದೇ ತೂತಿಗೆ ಎರಡೆರಡು ಹೊಲಿಗೆ ಹಾಕುತ್ತ ಹೋದರೆ ಬಟ್ಟೆ ಸಮನಾಗಿ ಕೂರದೆ ಕೋಳಿಜುಟ್ಟಿನ ಹೂವಿನಂತೆ ಮುರುಟಿಕೊಂಡಿತು. ಅಜ್ಜಿ ನಕ್ಕಳು. ಆದರೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ ಮಾಡಿದ್ದು ಇದನ್ನೇ. ಯೂಕ್ಲಿಡ್‌ನ ರೇಖಾಗಣಿತದಲ್ಲಿ ಒಂದು ಗೆರೆಯ ಹೊರಗಿನ ಬಿಂದುವಿನಿಂದ ಅದಕ್ಕೆ ಸಮಾಂತರವಾಗಿ ಒಂದೇ ಗೆರೆ ಎಳೆಯಲು ಸಾಧ್ಯ. ಹೈಪರ್ಬೋಲಿಕ್ ಎಂಬ ಇನ್ನೊಂದು ಬಗೆಯ ರೇಖಾಗಣಿತದಲ್ಲಿ ಲೆಕ್ಕವಿಲ್ಲದಷ್ಟು ಎಳೆಯಬಹುದು. ಅಂಥ ಮೇಲ್ಮೈಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಕಾಗದದಲ್ಲಿ ಮಾಡುತ್ತಿದ್ದ ಮಾದರಿಗಳು ಹರಿದುಹೋಗುತ್ತಿದ್ದವು. ತೈಮಿನಾ ಕ್ರೋಶಾ ಕಡ್ಡಿ ಹಿಡಿದು, ಗೊತ್ತಾದ ಪ್ರಮಾಣದಲ್ಲಿ ಹೊಲಿಗೆ ಹೆಚ್ಚಿಸುತ್ತ ಹೋದರು. ಮುರುಟಿಕೊಂಡ ಆ ನೂಲಿನ ತುಂಡು ಕೈಯಲ್ಲಿ ಹಿಡಿದು ಮಡಿಚಿ ನೋಡಬಲ್ಲ ಗಣಿತವಾಯಿತು.

ಹೀಗೆಂದು, ಕ್ರೋಶಾ ಆ ಹುಡುಗಿಗೆ ಗಣಿತ ಕಲಿಸಿತು ಎಂದರೆ ಅದು ಸುಳ್ಳು. ಗಣಿತ ಕಲಿಸಿದ್ದು ಸಂಜೆ ಹೊತ್ತು ಪಾಠ ಹೇಳಿದ ಪಕ್ಕದ ಬೀದಿಯ ಮೇಷ್ಟ್ರು. ಆದರೆ ಮನೆಯವರು ಗಮನಿಸಿದ ಒಂದು ಬದಲಾವಣೆ ಇತ್ತು. ಅವಳು ಹಾಳೆ ಹರಿಯುವುದನ್ನು ಬಿಟ್ಟಿದ್ದಳು. ಲೆಕ್ಕ ತಪ್ಪಿದರೆ ಪೆನ್ಸಿಲಿನಿಂದ ಮೇಲಿನ ಸಾಲಿಗೆ, ಅದರ ಮೇಲಿನ ಸಾಲಿಗೆ ಹೋಗಿ, ಎಲ್ಲಿ ಬಿಟ್ಟೆ ಎಂದು ಹುಡುಕುತ್ತಿದ್ದಳು.

ತಾಯಿ ಹೆದರಿದ್ದ ದಿನವೂ ಬಂತು. ಎದುರು ಮನೆಯಾಕೆ ಅಂಗಡಿಗಳಿಂದ ಸೀರೆ ತಂದು ಕುಚ್ಚು ಹಾಕಿಕೊಡುವವಳು. ಹುಡುಗಿಯ ಕೈಯ ತುಂಡನ್ನು ತಿರುಗಿಸಿ ನೋಡಿ, ‘ಮದ್ವೆ ಕಾಲ, ಕೆಲ್ಸ ತುಂಬಾ ಅದೆ. ದಿನಕ್ಕೊಂದು ಸೀರೆ ಹಾಕ್ಲಿ, ಅವಳ ಖರ್ಚು ಅವಳೇ ನೋಡ್ಕೊತಾಳೆ’ ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ತಂದೆಯೂ ಆಗಬಹುದು ಎಂಬಂತೆ ತಲೆಯಾಡಿಸಿದರು. ಹುಡುಗಿಯ ಮುಖ ಅರಳಿತ್ತು. ಫಲಿತಾಂಶ ಬಂದ ಮೇಲೆ ಅವಳನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು.

ಇಂಥ ಕೆಲಸವನ್ನು ಹೀನವೆನ್ನುವಂತಿಲ್ಲ. 1845ರಲ್ಲಿ ಶುರುವಾದ ಆಲೂಗೆಡ್ಡೆ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಮನೆಗಳ ಒಲೆ ಉರಿದದ್ದು ಕ್ರೈಸ್ತ ಸನ್ಯಾಸಿನಿಯರು ಕಲಿಸಿದ ಕ್ರೋಶಾ ಲೇಸಿನಿಂದ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಹೆಂಗಸರು ತಲೆತಲಾಂತರದಿಂದ ಕ್ರೋಶಾ ಲೇಸು ಹಾಕುತ್ತಾರೆ. ಅವರನ್ನು ಕುರಿತು ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ 1982ರಲ್ಲಿ ಒಂದು ಪುಸ್ತಕ ಬರೆದರು. ಲೇಸು ಪರದೇಶಕ್ಕೆ ಹೋಗುತ್ತದೆ, ವ್ಯಾಪಾರಿ ಶ್ರೀಮಂತನಾಗುತ್ತಾನೆ. ಹಾಕಿದವಳನ್ನು ಮಾತ್ರ ಯಾರೂ ಕೆಲಸಗಾರಳೆಂದು ಎಣಿಸುವುದಿಲ್ಲ. ಮನೆಯಲ್ಲಿ ಕೂತ ಹೆಂಗಸು ಬಿಡುವಿನಲ್ಲಿ ಮಾಡಿದ್ದು ಎಂಬ ಹೆಸರಿನಲ್ಲೇ ಅವಳ ಕೂಲಿ ಕರಗಿಹೋಗುತ್ತದೆ ಎಂಬುದು ಅವರು ಕಂಡ ಸತ್ಯ. ಕುಚ್ಚು ಕಟ್ಟುವ ಮನೆಗಳಿಗೆ ಆ ಮಾತು ದೂರದ್ದೇನಲ್ಲ.

ತಾಯಿ ಈ ಪುಸ್ತಕಗಳನ್ನು ಓದಿದವಳಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಸೀರೆ ಮೇಲೆ ತಪ್ಪಾಕುದ್ರೆ ಬಿಚ್ಚಬೋದಾ ಅಕ್ಕ?’

ಎದುರು ಮನೆಯಾಕೆ ನಕ್ಕಳು. ಬಿಚ್ಚಬಹುದು, ಆದರೆ ರೇಷ್ಮೆ ಬಟ್ಟೆಯಲ್ಲಿ ಕಡ್ಡಿ ಹೊಕ್ಕ ಜಾಗ ತೂತಾಗಿ ಉಳಿಯುತ್ತದೆ, ದಾರ ಜುಂಗೆದ್ದು ಹೊಳಪು ಕೆಡುತ್ತದೆ, ಸೀರೆಯವರು ಸುಮ್ಮನಿರುವುದಿಲ್ಲ. ತಾಯಿಗೆ ಬೇಕಾದ ಉತ್ತರ ಅದೇ ಆಗಿತ್ತು. ‘ಹಂಗಾರೆ ಈಗ್ಲೇ ಬ್ಯಾಡ. ಬಿಚ್ಚಿ ಬಿಚ್ಚಿ ಕಲಿಯೋ ವಯಸ್ಸು ಅವಳ್ದು. ಪರೀಕ್ಷೆ ಬರೀಲಿ, ಕಾಲೇಜು ಮೆಟ್ಟಿಲು ಹತ್ಲಿ. ಆಮೇಲೂ ಅವಳಿಗೆ ಬೇಕು ಅನ್ಸುದ್ರೆ ಅವಳೇ ರೇಟು ಮಾತಾಡ್ಲಿ’ ಎಂದಳು. ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲ. ಮೆಚ್ಚುಗೆಯನ್ನು ಕಿತ್ತುಕೊಂಡರೆ ಯಾವ ಮಕ್ಕಳಿಗೂ ಕೋಪ ಬರುತ್ತದೆ.

ಆದರೆ ಮರುದಿನ ತಾಯಿ ಉಲ್ಲನ್ ಉಂಡೆಯನ್ನು ಅಟ್ಟಕ್ಕೆ ಹಾಕಲಿಲ್ಲ; ಪುಸ್ತಕದ ಪಕ್ಕದಲ್ಲೇ ಇಟ್ಟಳು. ಕೈಗೆ ನೂಲು ಕೊಡಬೇಡಿ ಎಂದಿದ್ದವಳು ಅವಳೇ. ಕೂಲಿಯ ನೂಲಿಗೂ ಕಲಿಕೆಯ ನೂಲಿಗೂ ಇರುವ ಅಂತರ ಅವಳಿಗೆ ಆ ವೇಳೆಗೆ ಸ್ಪಷ್ಟವಾಗಿತ್ತು. ಹುರಿ ಮಿಷನ್ನಿನ ಮುಂದೆ ಕಳೆದ ಅವಳ ಬಾಲ್ಯದಲ್ಲಿ ಕಡಿದ ಎಳೆ ಎಂದರೆ ಬೈಗುಳ. ಬಿಚ್ಚಿದರೂ ಬೈಯದ ನೂಲನ್ನು ಅವಳು ಕಂಡದ್ದು ಮಗಳ ಕೈಯಲ್ಲೇ ಮೊದಲು.

ಹುಡುಗಿ ಮರುಪರೀಕ್ಷೆಯಲ್ಲಿ ಪಾಸಾದಳು, ಅಂಕ ಹೇಳಿಕೊಳ್ಳುವಂಥದ್ದಲ್ಲ. ಪಿಯುಸಿಗೆ ಕಾಮರ್ಸ್ ಸೇರಿದಳು. ಹಳದಿ ತುಂಡು ಕಡೆಗೂ ಚೌಕವಾಗಿ, ನೀರಿನ ಬಿಂದಿಗೆಯ ಮೇಲಿನ ಮುಚ್ಚಳಕ್ಕೆ ಹೊದಿಕೆಯಾಯಿತು. ಅದರ ಎಂಟನೇ ಸಾಲಿನ ಅಂಚಿನಲ್ಲಿ ಒಂದು ಹೊಲಿಗೆ ಇನ್ನೂ ಸ್ವಲ್ಪ ಒಳಗೆ ಸರಿದಿದೆಯಂತೆ. ಅಜ್ಜಿಗೆ ಅದು ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ.

ಮಕ್ಕಳ ಕೈಗೆ ಕ್ರೋಶಾ ಕೊಡಬೇಕೆನ್ನುವ ಹೆತ್ತವರಿಗೆ ಬೇಕಾಗುವುದು ಹೆಚ್ಚೇನಲ್ಲ. ನಾಲ್ಕು ಅಥವಾ ಐದು ಮಿಲಿಮೀಟರ್ ದಪ್ಪದ ಒಂದು ಕಡ್ಡಿ, ದಪ್ಪನೆಯ ತಿಳಿಬಣ್ಣದ ಒಂದು ಉಂಡೆ ದಾರ ಸಾಕು. ಹುಡುಗರಿಗೆ ಬೇಡ ಎನ್ನುವ ಕಾರಣವೂ ಇಲ್ಲ. ಮಗ್ಗದ ಊರಿನಲ್ಲಿ ನೂಲು ಹಿಡಿದ ಗಂಡಸರಿಗೇನು ಕೊರತೆ? ಎಡಗೈ ಬಳಸುವ ಮಗುವಾದರೆ ಕಡ್ಡಿಯನ್ನು ಬಲಗೈಗೆ ತುರುಕಬೇಡಿ. ಕಲಿಸುವವರು ಎದುರಿಗೆ ಕೂತರೆ ಕನ್ನಡಿಯಲ್ಲಿ ಕಂಡಂತೆ ಮಗು ತಾನೇ ಹಿಡಿಯುತ್ತದೆ. ಮೊದಲ ದಿನ ಚೈನಿಗಿಂತ ಹೆಚ್ಚಿಗೆ ಹೇಳಿಕೊಡಬೇಡಿ. ಪ್ರತಿ ಸಾಲಿನ ಕೊನೆಗೆ ಎಣಿಸುವುದನ್ನು ಮಾತ್ರ ರೂಢಿ ಮಾಡಿಸಿ.

ಇನ್ನು ಕತ್ತರಿ. ಅದನ್ನು ಕೆಲವು ದಿನ ಮಕ್ಕಳ ಕೈಗೆ ಸಿಗದಂತೆ ಮೇಲಿಟ್ಟಿದ್ದರೆ ಒಳ್ಳೆಯದು.